ತುಮಕೂರಾ, ಕೋಲಾರವಾ, ಚಿಕ್ಕಬಳ್ಳಾಪುರವಾ? ಪುಟ್ಟ ಮಕ್ಕಳ ಜೊತೆ ಹೊರದೇಶದಿಂದ ವಾಪಸ್ ಬರುವವರಿಗೆ

"ವಾಪಸ್ ಬರೋದಂತೂ ಗ್ಯಾರಂಟಿ ಕಣೇ. ಆದ್ರೆ ಬೆಂಗಳೂರಿನ ಒಳಗೆ ಬೇಡ ಅನ್ಸುತ್ತೆ. ನೀನು ಮೂರೂ ಊರಲ್ಲಿ ಇದ್ದು ನೋಡಿದೀಯಲ್ಲ, ಯಾವುದು ಒಳ್ಳೇದು ಹೇಳು." ಹೊರದೇಶದಲ್ಲಿರುವ ಗೆಳತಿಯರಿಂದ ತಿಂಗಳಿಗೆ ಒಂದಾದರೂ ಇಂಥ ಫೋನ್ ಬರುತ್ತದೆ. ಪ್ರತಿ ಸಲವೂ ಒಂದು ಗಂಟೆ ಮಾತಾಡುತ್ತೇನೆ. ಈ ಸಲ ಬರೆದೇ ಇಡೋಣ ಅನ್ನಿಸಿತು.

ಮೂರೂ ಊರಲ್ಲಿ ಇದ್ದದ್ದು ನಿಜ. ಟೊರಾಂಟೊದಿಂದ ನಾವು ಬಂದದ್ದು 2022ರ ಮೇ ತಿಂಗಳಲ್ಲಿ. ಆಗ ಮಗಳಿಗೆ ಐದು ವರ್ಷ, ಮಗನಿಗೆ ಒಂದೂವರೆ. ಮೊದಲ ಮೂರು ತಿಂಗಳು ಕೋಲಾರದಲ್ಲಿ ಅತ್ತೆ ಮನೆ. ಆಮೇಲೆ ಹನ್ನೊಂದು ತಿಂಗಳು ಚಿಕ್ಕಬಳ್ಳಾಪುರದಲ್ಲಿ ಬಾಡಿಗೆ ಮನೆ. ಈಗ ತುಮಕೂರಿನಲ್ಲಿದ್ದೇವೆ, ನಮ್ಮ ಅಪ್ಪ-ಅಮ್ಮನ ಮನೆಯಿಂದ ಎರಡು ರಸ್ತೆ ಆಚೆ. ನಮಗೆ ಹೊಂದಿದ ಊರು ನಿಮಗೂ ಹೊಂದಬೇಕು ಅಂತೇನಿಲ್ಲ. ಅದಕ್ಕೇ ಮೊದಲು ಏನೇನು ನೋಡಬೇಕು ಅಂತ ಹೇಳಿ, ಆಮೇಲೆ ಊರುಗಳ ವಿಷಯಕ್ಕೆ ಬರುತ್ತೇನೆ.

ಮೊದಲು ನೋಡಬೇಕಾದದ್ದು

ಎಲ್ಲರಿಗೂ ನಾನು ಕೇಳುವ ಮೊದಲ ಪ್ರಶ್ನೆ ಇದು: ವಾರದಲ್ಲಿ ಎಷ್ಟು ದಿನ ರಾತ್ರಿ ಊಟಕ್ಕೆ ಅಪ್ಪ-ಅಮ್ಮ ಇಬ್ಬರೂ ಮಕ್ಕಳ ಜೊತೆ ಕೂರುತ್ತೀರಿ?

ಅಲ್ಲಿದ್ದಾಗ ಸಂಜೆ ಆರೂವರೆಗೆ ನಾಲ್ಕೂ ಜನ ಒಟ್ಟಿಗೆ ಊಟ ಮಾಡುತ್ತಿದ್ದೆವು. ಕೋಲಾರಕ್ಕೆ ಬಂದ ಮೇಲೆ ನಮ್ಮವರ ಆಫೀಸು ಹೆಬ್ಬಾಳದ ಹತ್ತಿರ. ಬೆಳಗ್ಗೆ ಆರಕ್ಕೆ ಹೊರಟರೆ ಮನೆ ಸೇರುವಾಗ ರಾತ್ರಿ ಒಂಬತ್ತೂವರೆ. ಮಗಳು ಎಂಟು ಗಂಟೆಗೇ ಅಪ್ಪನ ತಟ್ಟೆ ಇಟ್ಟು, ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ಪಕ್ಕದಲ್ಲಿ ಕಾಯುತ್ತಾ ಕೂರುತ್ತಿದ್ದಳು. ಹಾಗೇ ನೆಲದ ಮೇಲೆ ನಿದ್ದೆ ಹೋಗುತ್ತಿದ್ದಳು. ಮೂರು ವಾರ ಅದನ್ನು ನೋಡಿದೆವು. ಮಕ್ಕಳು ನಮ್ಮವರ ನಡುವೆ ಬೆಳೆಯಲಿ ಅಂತ ತಾನೇ ನಾವು ಬಂದದ್ದು? ಅಪ್ಪನೇ ಕಣ್ಣಿಗೆ ಬೀಳದಿದ್ದರೆ ಹೇಗೆ?

ದುಡ್ಡಿನ ಲೆಕ್ಕವೂ ಇಲ್ಲೇ ಬರುತ್ತದೆ. ಮೂರೂ ಊರು ಬೆಂಗಳೂರಿನಿಂದ 60–70 ಕಿಲೋಮೀಟರ್ ದೂರ. ದಿನಾ 140 ಕಿ.ಮೀ. ಕಾರು ಓಡಿಸಿದರೆ, ಲೀಟರಿಗೆ 15 ಕಿ.ಮೀ. ಕೊಟ್ಟರೂ ಒಂಬತ್ತು ಲೀಟರಿಗಿಂತ ಜಾಸ್ತಿ ಪೆಟ್ರೋಲ್ ಬೇಕು. ತಿಂಗಳಿಗೆ 22 ದಿನ ಅಂದರೆ 20 ಸಾವಿರ ರೂಪಾಯಿ ದಾಟುತ್ತದೆ. ಟೋಲ್ ಬೇರೆ. ಊರಲ್ಲಿ ಬಾಡಿಗೆ ಕಡಿಮೆ ಅಂತ ಉಳಿಸಿದ್ದು ರಸ್ತೆಯಲ್ಲೇ ಕರಗಿಹೋಗುತ್ತದೆ. ವಾರಕ್ಕೆ ಎರಡು ದಿನ ಮಾತ್ರ ಆಫೀಸಿಗೆ ಹೋಗುವವರಿಗೆ ಈ ಲೆಕ್ಕ ಪೂರ್ತಿ ಬೇರೆ. ಕಂಪನಿಯವರು ಬಾಯಲ್ಲಿ ಹೇಳಿದ್ದು ಸಾಲದು, ಅದನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ.

ಎರಡನೆಯದು ನೀರು. ಹೊರದೇಶದಿಂದ ಬರುವವರು ಇದನ್ನು ಕೊನೆಗೆ ನೋಡುತ್ತಾರೆ, ಆದರೆ ಮೊದಲೇ ನೋಡಬೇಕು. ಈ ಮೂರೂ ಜಿಲ್ಲೆಗಳಲ್ಲಿ ತುಂಬಾ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಲೇಬಾರದು. ಮಕ್ಕಳಿಗೆ ಸುಮಾರು ಎಂಟು ವರ್ಷದ ತನಕ ಶಾಶ್ವತ ಹಲ್ಲುಗಳು ಒಸಡಿನ ಒಳಗೆ ರೂಪುಗೊಳ್ಳುತ್ತಾ ಇರುತ್ತವೆ. ಆ ವಯಸ್ಸಿನಲ್ಲಿ ಜಾಸ್ತಿ ಫ್ಲೋರೈಡ್ ಕುಡಿದರೆ ಹಲ್ಲಿನ ಮೇಲೆ ಹಳದಿ, ಕಂದು ಕಲೆ ಬಂದು ಹಾಗೇ ಉಳಿದುಬಿಡುತ್ತದೆ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದು ಇನ್ನೂ ಗಟ್ಟಿಯಾಗುತ್ತದೆ. ಆರ್‌ಒ ಫಿಲ್ಟರ್ ಹಾಕಿಸಬೇಕು. ಅಡುಗೆಗೂ ಅದೇ ನೀರು ಬಳಸಬೇಕು.

ಮೂರನೆಯದು ಅಜ್ಜಿ-ತಾತ ಎಷ್ಟು ಹತ್ತಿರ ಇದ್ದಾರೆ ಅನ್ನುವುದು. ನಾಲ್ಕನೆಯದು ಶಾಲೆ, ಮಕ್ಕಳ ಡಾಕ್ಟರು. ಐದನೆಯದು ದುಡ್ಡು, ಕಾಗದ ಪತ್ರ. ಹವಾಮಾನವನ್ನು ಸೇರಿಸಿಲ್ಲ, ಮೂರೂ ಊರಲ್ಲಿ ಹೆಚ್ಚು ಕಡಿಮೆ ಒಂದೇ. ಚಿಕ್ಕಬಳ್ಳಾಪುರ ಸ್ವಲ್ಪ ತಂಪು, ಅಷ್ಟೇ.

ಕೋಲಾರ

ಕೋಲಾರದ ದೊಡ್ಡ ಅನುಕೂಲ ಅದು ಇರುವ ದಿಕ್ಕು. ಆಫೀಸು ವೈಟ್‌ಫೀಲ್ಡ್, ಐಟಿಪಿಎಲ್, ಹೊಸಕೋಟೆ ಕಡೆ ಇದ್ದರೆ ಈ ಮೂರರಲ್ಲಿ ಕೋಲಾರವೇ ಸರಿ. ಕೋಲಾರದಿಂದ ಬೆಂಗಳೂರಿಗೆ ನೇರ ರೈಲು ಕಡಿಮೆ. ದಿನಾ ಓಡಾಡುವವರು ಬಂಗಾರಪೇಟೆಗೆ ಹೋಗಿ ಅಲ್ಲಿ ಚೆನ್ನೈ ಲೈನಿನ ರೈಲು ಹಿಡಿಯುತ್ತಾರೆ. ವೈಟ್‌ಫೀಲ್ಡ್ ಸ್ಟೇಷನ್‌ನಲ್ಲಿ ಇಳಿದರೆ ಪಕ್ಕದಲ್ಲೇ ಕಾಡುಗೋಡಿ ಮೆಟ್ರೊ. 2023ರಲ್ಲಿ ನೇರಳೆ ಮಾರ್ಗ ಪೂರ್ತಿಯಾದ ಮೇಲೆ ಈ ದಾರಿ ತುಂಬಾ ಸಲೀಸಾಗಿದೆ. ಮಾಲೂರಿನಲ್ಲೇ ಮನೆ ಮಾಡಿದರೆ ಇನ್ನೂ ಹತ್ತಿರ.

ಕಾರ್ಖಾನೆ ಕೆಲಸದ ಅನುಭವ ಇರುವವರು ಬೆಂಗಳೂರಿನ ಕಡೆ ನೋಡಲೇಬೇಕೆಂದಿಲ್ಲ. ನರಸಾಪುರದಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಇದೆ. ಮೊದಲು ವಿಸ್ಟ್ರಾನ್ ನಡೆಸುತ್ತಿದ್ದ ಐಫೋನ್ ಕಾರ್ಖಾನೆ ಈಗ ಟಾಟಾ ಎಲೆಕ್ಟ್ರಾನಿಕ್ಸ್ ಕೈಯಲ್ಲಿದೆ. ವೇಮಗಲ್ ಕಡೆಯೂ ಕಾರ್ಖಾನೆಗಳು ಬೆಳೆಯುತ್ತಿವೆ. ನಮ್ಮ ನಾದಿನಿಯ ಗಂಡ ದುಬೈ ಬಿಟ್ಟು ಬಂದು ಇಲ್ಲೇ ಕೆಲಸಕ್ಕೆ ಸೇರಿದರು. ಸಂಜೆ ಆರೂವರೆಗೆ ಮನೆಯಲ್ಲಿರುತ್ತಾರೆ.

ಆಸ್ಪತ್ರೆ ವಿಷಯದಲ್ಲೂ ಕೋಲಾರ ಹಿಂದೆ ಬಿದ್ದಿಲ್ಲ. ಟಮಕದಲ್ಲಿ ದೇವರಾಜ ಅರಸು ಮೆಡಿಕಲ್ ಕಾಲೇಜು, ಅದರ ಜಾಲಪ್ಪ ಆಸ್ಪತ್ರೆ ಇದೆ. ಊರೊಳಗೆ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ. ಹಗಲು-ರಾತ್ರಿ ಡಾಕ್ಟರು ಸಿಗುವ ದೊಡ್ಡ ಆಸ್ಪತ್ರೆ ಊರಂಚಿನಲ್ಲೇ ಇರುವುದು ಪುಟ್ಟ ಮಕ್ಕಳಿರುವವರಿಗೆ ಎಷ್ಟು ಧೈರ್ಯ ಕೊಡುತ್ತದೆ ಅನ್ನುವುದು ಮಗುವಿಗೆ ಜ್ವರ ಬಂದ ರಾತ್ರಿಯೇ ಗೊತ್ತಾಗುವುದು.

ಭಾಷೆಯ ಬಗ್ಗೆ ಒಂದು ಮಾತು. ಕೋಲಾರದ ಬೀದಿಯಲ್ಲಿ ಕನ್ನಡ, ತೆಲುಗು ಎರಡೂ ಒಟ್ಟಿಗೇ ಹರಿಯುತ್ತವೆ. ನನ್ನ ಮಗಳು ಬಂದಾಗ ಇಂಗ್ಲಿಷ್ ಬಿಟ್ಟರೆ ಬಾಯಿ ಬಿಡುತ್ತಿರಲಿಲ್ಲ. ಪಕ್ಕದ ಮನೆ ಮಕ್ಕಳ ಜೊತೆ ಕುಂಟೆಬಿಲ್ಲೆ ಆಡುತ್ತಾ ಆಡುತ್ತಾ ಎರಡು ತಿಂಗಳಲ್ಲಿ ಎರಡೂ ಭಾಷೆಯಲ್ಲಿ ಜಗಳ ಆಡುವಷ್ಟಾದಳು. ಮಾಸ್ತಿ, ಡಿವಿಜಿ ಇಬ್ಬರೂ ಹುಟ್ಟಿದ ಜಿಲ್ಲೆ ಇದು. ಮಕ್ಕಳು ಎರಡು ಮಾತು ಕಲಿತರೆ ಕನ್ನಡ ಕಡಿಮೆಯಾಗುತ್ತದೆ ಅನ್ನುವ ಭಯ ಬೇಡ.

ಇನ್ನು ನೀರು. ನಾವಿದ್ದಾಗ ನಲ್ಲಿ ನೀರು ದಿನಾ ಬರುತ್ತಿರಲಿಲ್ಲ. ಬರುವ ಮುಂಚೆ ನಲ್ಲಿಯಲ್ಲಿ ಗಾಳಿ 'ಸುಯ್' ಅನ್ನುತ್ತದೆ. ಅದು ಕೇಳಿದ ಕೂಡಲೇ ಮಗಳು "ಅಜ್ಜೀ, ನೀರು!" ಅಂತ ಕೂಗುತ್ತಾ ಓಡುತ್ತಿದ್ದಳು. ಇಡೀ ಬೀದಿ ಡ್ರಮ್ಮು, ಬಿಂದಿಗೆ ಹಿಡಿದು ನಿಲ್ಲುತ್ತಿತ್ತು. ಕುಡಿಯಲು ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿ ತರುತ್ತಿದ್ದೆವು. ಅತ್ತೆ ಅಡುಗೆಮನೆಯಲ್ಲಿ ಎರಡು ಕೊಡ ಬೇರೆ ಬೇರೆ ಇಟ್ಟಿದ್ದರು. ಕುಡಿಯುವ ನೀರಿನ ಕೊಡಕ್ಕೆ ಕೆಂಪು ದಾರ ಕಟ್ಟಿದ್ದರು, ಮೊಮ್ಮಕ್ಕಳು ತಪ್ಪದಿರಲಿ ಅಂತ. ಈಗ ಯರಗೋಳ್ ಅಣೆಕಟ್ಟೆಯ ನೀರು ಕೋಲಾರ, ಬಂಗಾರಪೇಟೆ, ಮಾಲೂರಿಗಾಗಿಯೇ ಇದೆ. ಪರಿಸ್ಥಿತಿ ಮೊದಲಿನಂತಿಲ್ಲ. ಆದರೂ ನೀವು ನೋಡುವ ಬಡಾವಣೆಗೆ ಆ ಪೈಪು ಬಂದಿದೆಯಾ ಅಂತ ಅಕ್ಕಪಕ್ಕದ ಮನೆಯವರನ್ನೇ ಕೇಳಿ. 2018ರಲ್ಲಿ ಶುರುವಾದ ಕೆಸಿ ವ್ಯಾಲಿ ಯೋಜನೆಯಿಂದ ಕೆರೆಗಳು ತುಂಬಿವೆ, ಕಣ್ಣಿಗೆ ಖುಷಿಯಾಗುತ್ತದೆ. ಆದರೆ ಅದು ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಅಂತರ್ಜಲ ಹೆಚ್ಚಿಸಲು ಬಿಡುವ ನೀರು. ಅದನ್ನು ಕುಡಿಯುವ ನೀರಿನ ಲೆಕ್ಕಕ್ಕೆ ಸೇರಿಸಬೇಡಿ.

ಚಿಕ್ಕಬಳ್ಳಾಪುರ

ಹೊರದೇಶದಿಂದ ಬರುವವರು ಮೊದಲು ಮನಸೋಲುವುದು ಈ ಊರಿಗೆ. ಯಾಕೆ ಅಂತ ಬಂದವರಿಗೆ ಗೊತ್ತಾಗುತ್ತದೆ. ಬೆಳಗ್ಗೆ ಬಾಗಿಲು ತೆಗೆದರೆ ಮಂಜು, ಆಚೆಗೆ ಬೆಟ್ಟಗಳ ಸಾಲು, ರಸ್ತೆ ಪಕ್ಕ ದ್ರಾಕ್ಷಿ ತೋಟ, ಹೂವಿನ ಹೊಲ. ವಿಮಾನ ನಿಲ್ದಾಣ ಸುಮಾರು 30 ಕಿ.ಮೀ. ವರ್ಷಕ್ಕೆ ಮೂರ್ನಾಲ್ಕು ಸಲ ಹೊರದೇಶಕ್ಕೆ ಹೋಗಿ ಬರುವ ಕೆಲಸ ಇದ್ದವರಿಗೆ ಇದಕ್ಕಿಂತ ಒಳ್ಳೆಯ ಊರಿಲ್ಲ. ಯಲಹಂಕ, ಹೆಬ್ಬಾಳ, ಮಾನ್ಯತಾ ಟೆಕ್ ಪಾರ್ಕ್ ಕಡೆ ಆಫೀಸು ಇದ್ದವರಿಗೂ ಅಷ್ಟೇ. ರಾಷ್ಟ್ರೀಯ ಹೆದ್ದಾರಿ 44 ಚೆನ್ನಾಗಿದೆ. ನಮ್ಮವರು ಇಲ್ಲಿಗೆ ಬಂದ ಮೇಲೆ ಏಳೂವರೆಗೆ ಮನೆ ಸೇರತೊಡಗಿದರು. ಮಗಳು ಎರಡನೇ ತಟ್ಟೆ ಮುಚ್ಚುವುದನ್ನು ಬಿಟ್ಟಳು.

ರೈಲಿನ ಮೇಲೆ ಮಾತ್ರ ಜಾಸ್ತಿ ಭರವಸೆ ಇಡಬೇಡಿ. ಯಲಹಂಕಕ್ಕೆ ಹೋಗುವ ಲೈನು ಇದೆ, ಆದರೆ ದಿನಕ್ಕೆ ಓಡುವ ಗಾಡಿಗಳು ಕಡಿಮೆ. ಇನ್ನೊಂದು ವಿಷಯ, ಶನಿವಾರ-ಭಾನುವಾರ ನಂದಿ ಬೆಟ್ಟಕ್ಕೆ, ಆದಿಯೋಗಿ ಪ್ರತಿಮೆಗೆ ಬರುವ ವಾಹನಗಳಿಂದ ರಸ್ತೆ ತುಂಬಿಹೋಗುತ್ತದೆ. ಆ ಎರಡು ದಿನ ನಾವು ಬೆಂಗಳೂರಿನ ಕಡೆ ಹೋಗುವ ಕೆಲಸವನ್ನೇ ಇಟ್ಟುಕೊಳ್ಳುತ್ತಿರಲಿಲ್ಲ.

ಶಾಲೆ ವಿಷಯದಲ್ಲಿ ಒಂದು ಕವಲು ಇದೆ. ಮಕ್ಕಳು ಐಬಿ ಅಥವಾ ಕೇಂಬ್ರಿಡ್ಜ್ ಪಠ್ಯದಲ್ಲೇ ಮುಂದುವರಿಯಬೇಕು, ನಾಳೆ ಮತ್ತೆ ಹೊರದೇಶಕ್ಕೆ ಹೋಗಬೇಕಾಗಬಹುದು ಅನ್ನುವವರಿಗೆ ಚಿಕ್ಕಬಳ್ಳಾಪುರವೇ ಸರಿ. ಅಂಥ ಶಾಲೆಗಳು ದೇವನಹಳ್ಳಿ–ಯಲಹಂಕ ಕಡೆ ಇವೆ. ಸ್ಟೋನ್‌ಹಿಲ್, ಕೆನಡಿಯನ್ ಇಂಟರ್‌ನ್ಯಾಷನಲ್ ಎರಡೂ ಆ ದಿಕ್ಕಿನಲ್ಲೇ. ಆದರೆ ಅವುಗಳ ಫೀಸು ಊರಿನ ಶಾಲೆಗಳ ಫೀಸಿನ ಹಲವು ಪಟ್ಟು. ಐದಾರು ವರ್ಷದ ಮಗು ಶಾಲೆ ವ್ಯಾನಿನಲ್ಲಿ ಹೋಗಿ ಬರಲು ದಿನಕ್ಕೆ ಎರಡು ಗಂಟೆಗೂ ಮೇಲೆ ಕೂರಬೇಕಾಗುತ್ತದೆ. ನನ್ನ ಮಟ್ಟಿಗೆ ಏಳನೇ ಕ್ಲಾಸಿನ ತನಕ ಅದು ಬೇಡ. ಊರಲ್ಲೇ ಇರುವ ಒಂದು ಸಾಧಾರಣ ಶಾಲೆಗೆ ಸೇರಿಸಿ. ಸಂಜೆ ನಾಲ್ಕಕ್ಕೆ ಮಗು ಮನೆಯಲ್ಲಿರಲಿ, ಮಣ್ಣಲ್ಲಿ ಆಡಲಿ.

ಆಸ್ಪತ್ರೆ ವಿಷಯಕ್ಕೆ ಬಂದರೆ, ಈಗ ಸರ್ಕಾರಿ ನಂದಿ ವೈದ್ಯಕೀಯ ಕಾಲೇಜು ಇದೆ. ವಿಶ್ವೇಶ್ವರಯ್ಯನವರ ಊರು ಮುದ್ದೇನಹಳ್ಳಿಯಲ್ಲಿ ಸತ್ಯಸಾಯಿ ಟ್ರಸ್ಟಿನ ಉಚಿತ ಆಸ್ಪತ್ರೆ ಇದೆ. ಆದರೂ ಮಗನಿಗೆ ಒಂದು ಸಲ ರಾತ್ರಿ ಹನ್ನೊಂದಕ್ಕೆ ಜ್ವರ ಏರಿ ಫಿಟ್ಸ್ ಬಂದಾಗ, ನಾವು ಹೋದ ಕಡೆ ಮಕ್ಕಳ ಡಾಕ್ಟರು ಇರಲಿಲ್ಲ. ಯಲಹಂಕದ ತನಕ ಓಡಿದೆವು. ಮಗು ಹುಷಾರಾದ. ಆದರೆ ಆ ರಾತ್ರಿ ಮಗಳನ್ನು ನಿದ್ದೆಗಣ್ಣಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋಗಬೇಕಾಯಿತು. ಮನೆಯಲ್ಲಿ ಬಿಟ್ಟು ಹೋಗೋಣ ಅಂದರೆ ನಮ್ಮವರು ಅನ್ನುವವರು ಯಾರೂ ಆ ಊರಲ್ಲಿ ಇರಲಿಲ್ಲ. ಊರು ಬದಲಿಸುವ ಯೋಚನೆ ಬಂದದ್ದು ಆ ದಾರಿಯಲ್ಲೇ.

ಜಾಗದ ಬೆಲೆಯಲ್ಲಿ ಈ ಊರು ಮೂರರಲ್ಲೂ ಕಷ್ಟ. ವಿಮಾನ ನಿಲ್ದಾಣದ ಹೆಸರು ಹೇಳಿ ಬೆಲೆ ಏರಿಸುತ್ತಾರೆ. ನಂದಿ ತಪ್ಪಲಿನಲ್ಲಿ ಒಂದು ಸೈಟು ನೋಡಿ ನಾವೂ ಎರಡು ಲಕ್ಷ ಅಡ್ವಾನ್ಸ್ ಕೊಟ್ಟಿದ್ದೆವು. ಆಮೇಲೆ ನೋಡಿದರೆ ಆ ಜಮೀನಿಗೆ ಭೂಪರಿವರ್ತನೆಯೇ, ಅಂದರೆ ಕೃಷಿ ಜಮೀನಿನಲ್ಲಿ ಮನೆ ಕಟ್ಟಲು ಬೇಕಾದ ಸರ್ಕಾರಿ ಅನುಮತಿಯೇ, ಆಗಿರಲಿಲ್ಲ. ಅರ್ಧ ದುಡ್ಡು ವಾಪಸ್ ಬರಲು ಎಂಟು ತಿಂಗಳಾಯಿತು. ಇನ್ನರ್ಧ ಬರಲೇ ಇಲ್ಲ.

ತುಮಕೂರು

ಮೂರರಲ್ಲಿ ದೊಡ್ಡ ಊರು ಇದೇ. ಮಹಾನಗರ ಪಾಲಿಕೆ ಇದೆ, ವಿಶ್ವವಿದ್ಯಾಲಯ ಇದೆ, 1963ರಿಂದ ಇರುವ ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜು, ಸಿದ್ಧಾರ್ಥ ಮೆಡಿಕಲ್ ಕಾಲೇಜು ಇವೆ. ಬೆಟ್ಟದ ಮಂಜು ನೋಡಿ ಬಂದವರಿಗೆ ಬಿ.ಎಚ್. ರಸ್ತೆಯ ಧೂಳು, ಹಾರ್ನು ಮೊದಲ ದಿನ ಬೇಜಾರು ತರಿಸುತ್ತದೆ. ನನಗೂ ಆಗಿತ್ತು. ಆದರೆ ಒಂದು ಸಂಸಾರ ನಡೆಸಲು ಬೇಕಾದದ್ದೆಲ್ಲ ಹತ್ತು ನಿಮಿಷದೊಳಗೆ ಸಿಗುತ್ತದೆ. ಮಕ್ಕಳ ಡಾಕ್ಟರಲ್ಲೇ ನಾಲ್ಕೈದು ಜನರನ್ನು ನೋಡಿ ಆರಿಸಿಕೊಳ್ಳಬಹುದು. ಸಂಗೀತ, ಈಜು, ಚೆಸ್, ಏನು ಕಲಿಸಬೇಕೆಂದರೂ ಯಾರಾದರೂ ಸಿಗುತ್ತಾರೆ.

ಓಡಾಟಕ್ಕೆ ಇಲ್ಲಿ ರೈಲು. ಇದನ್ನು ಒತ್ತಿ ಹೇಳುತ್ತೇನೆ. ಹುಬ್ಬಳ್ಳಿ ಲೈನಿನ ಗಾಡಿಗಳೆಲ್ಲ ಹೆಚ್ಚಾಗಿ ತುಮಕೂರಿನ ಮೇಲೆಯೇ ಹೋಗುತ್ತವೆ. ಸುಮಾರು ಒಂದೂಕಾಲು ಗಂಟೆಯಲ್ಲಿ ಯಶವಂತಪುರ. ಇಳಿದರೆ ಪಕ್ಕದಲ್ಲೇ ಮೆಟ್ರೊ. ಸಾವಿರಾರು ಜನ ಪಾಸ್ ಮಾಡಿಸಿಕೊಂಡು ದಿನಾ ಓಡಾಡುತ್ತಾರೆ. ತಿಂಗಳ ಪಾಸಿನ ದುಡ್ಡನ್ನು ಕಾರಿನ ಒಂದೆರಡು ದಿನದ ಪೆಟ್ರೋಲಿಗೆ ಹೋಲಿಸಿ ನೋಡಿ. ಬಸ್ಸಿನಲ್ಲಿ ಹೋಗುವವರಿಗೆ 2024ರ ನವೆಂಬರ್‌ನಿಂದ ಮಾದಾವರದ ತನಕ ಮೆಟ್ರೊ ಬಂದಿದೆ. ನೆಲಮಂಗಲ ದಾಟಿ ಅಲ್ಲೇ ಇಳಿದರೆ ಮುಂದಿನ ಟ್ರಾಫಿಕ್ ತಪ್ಪುತ್ತದೆ. ತುಮಕೂರಿಗೇ ಮೆಟ್ರೊ ಬರುತ್ತದೆ ಅನ್ನುವ ಮಾತು ಇದೆ. ಬಂದಾಗ ಹತ್ತೋಣ, ಅದಕ್ಕಾಗಿ ಇವತ್ತೇ ಸೈಟಿಗೆ ಜಾಸ್ತಿ ದುಡ್ಡು ಕೊಡಬೇಡಿ.

ಪೀಣ್ಯ, ಯಶವಂತಪುರ, ರಾಜಾಜಿನಗರ, ಮಲ್ಲೇಶ್ವರದ ಕಡೆ ಕೆಲಸ ಇದ್ದವರಿಗೆ ತುಮಕೂರು ಹೇಳಿ ಮಾಡಿಸಿದ ಹಾಗಿದೆ. ವೈಟ್‌ಫೀಲ್ಡ್‌ಗೆ ದಿನಾ ಹೋಗಬೇಕಾದವರು ದಯವಿಟ್ಟು ಬರಬೇಡಿ. ಎಲೆಕ್ಟ್ರಾನಿಕ್ ಸಿಟಿಯವರಿಗಂತೂ ಈ ಮೂರೂ ಊರು ಆಗಿಬರುವುದಿಲ್ಲ. ಊರಿನ ಹತ್ತಿರವೇ ಕೆಲಸ ಹುಡುಕುವವರಿಗೆ ವಸಂತನರಸಾಪುರ ಕೈಗಾರಿಕಾ ಪ್ರದೇಶ ಇದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಶುರುವಾಗಿದೆ.

ನೀರು ಹೇಮಾವತಿಯದು. ಗೊರೂರಿನಿಂದ ನಾಲೆಯಲ್ಲಿ ಬಂದು ಬುಗುಡನಹಳ್ಳಿ ಕೆರೆ ತುಂಬಿ, ಅಲ್ಲಿಂದ ಊರಿಗೆ. ದಿನಾ ಬರುವುದಿಲ್ಲ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದ್ದೂ ಇದೆ. ಆದರೆ ಕುಡಿಯಲು ನದಿ ನೀರು ಇದೆ ಅನ್ನುವುದು ನನಗೆ ದೊಡ್ಡ ಸಮಾಧಾನ. ಊರಾಚೆಯ ಹೊಸ ಲೇಔಟುಗಳು ಇನ್ನೂ ಕೊಳವೆಬಾವಿಯನ್ನೇ ನಂಬಿವೆ. ಅಂಥ ಕಡೆ ಮನೆ ಮಾಡುವ ಮುಂಚೆ ನೀರನ್ನು ಬಾಟಲಿಯಲ್ಲಿ ಹಿಡಿದು ಪರೀಕ್ಷೆ ಮಾಡಿಸಿ.

ನಾವು ಇಲ್ಲಿಗೆ ಬಂದದ್ದು ಅಪ್ಪ-ಅಮ್ಮ ಇಲ್ಲಿರುವುದರಿಂದ. ನಮ್ಮವರು ವಾರಕ್ಕೆ ಎರಡೇ ದಿನ ಹೋಗುವ, ಯಶವಂತಪುರಕ್ಕೆ ಹತ್ತಿರದ ಕೆಲಸಕ್ಕೆ ಸೇರಿದರು. ಸಂಬಳ ಸ್ವಲ್ಪ ಕಡಿಮೆಯಾಯಿತು. ಅತ್ತೆ-ಮಾವ ದೂರವಾದರು, ಅದರ ನೋವು ಅವರಿಗೂ ಇದೆ, ನಮಗೂ ಇದೆ. ಮಗ ಭಾನುವಾರ ಬೆಳಗ್ಗೆ ತಾತನ ಸ್ಕೂಟರ್ ಮುಂದೆ ನಿಂತು ಕ್ಯಾತಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲು ಹೋಗುತ್ತಾನೆ. ತಾತ ಇಡ್ಲಿಯ ನಡುವಿನ ಮೆತ್ತನೆಯ ಭಾಗ ಮುರಿದು, ಊದಿ, ಬೆಣ್ಣೆ ಸವರಿ ಅವನ ಬಾಯಿಗಿಡುತ್ತಾರೆ. ಅಂಚು ತಾವು ತಿನ್ನುತ್ತಾರೆ.

ಯಾವ ಊರಾದರೂ ತಪ್ಪದ ಕೆಲಸಗಳು

ಹುಟ್ಟಿನಿಂದ ಹೊರದೇಶದ ಪೌರತ್ವ ಇರುವ ಮಕ್ಕಳಿಗೆ ಒಸಿಐ ಕಾರ್ಡು (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಸರ್ಕಾರ ಕೊಡುವ ಕಾರ್ಡು) ಮಾಡಿಸಿಯೇ ಹೊರಡಿ. ಶಾಲೆಗೆ ಅದು ಸಾಕು. ಮುಂದೆ ವೈದ್ಯಕೀಯ ಸೀಟಿನಂಥ ವಿಷಯ ಬಂದಾಗ ಮಾತ್ರ, 2021ರ ಅಧಿಸೂಚನೆಯ ಪ್ರಕಾರ ಒಸಿಐ ಮಕ್ಕಳನ್ನು ಎನ್‌ಆರ್‌ಐ ಸಾಲಿಗೆ ಸೇರಿಸುತ್ತಾರೆ. ಈಗಲೇ ಗೊತ್ತಿದ್ದರೆ ಒಳ್ಳೆಯದು. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನುವುದು ರಾಜ್ಯದ ನಿಯಮ. ಅಲ್ಲಿ ಗ್ರೇಡ್ ಒಂದು ಮುಗಿಸಿದ ಮಗುವಿಗೂ ಇಲ್ಲಿ ವಯಸ್ಸಿನ ಲೆಕ್ಕ ಹೊಂದದೆ ಇರಬಹುದು. 2015ರ ಕಾನೂನಿನಿಂದಾಗಿ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲೂ ಕನ್ನಡ ಕಲಿಸಬೇಕು. ಬರುವ ಆರು ತಿಂಗಳ ಮುಂಚೆಯೇ ಮನೆಯಲ್ಲಿ ಅಕ್ಷರ ತಿದ್ದಿಸಿ. ಲಸಿಕೆಯ ಚೀಟಿಯನ್ನೂ ತನ್ನಿ. ಇಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಹಾಕುವ ಬಿಸಿಜಿ (ಕ್ಷಯದ ಲಸಿಕೆ) ಕೆನಡಾ, ಅಮೆರಿಕದಲ್ಲಿ ಸಾಮಾನ್ಯವಾಗಿ ಹಾಕುವುದಿಲ್ಲ. ಡಾಕ್ಟರಿಗೆ ಅದನ್ನು ತೋರಿಸಿ ಕೇಳಿ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಹಿಂದಿನ ಹತ್ತು ವರ್ಷದಲ್ಲಿ ಒಂಬತ್ತು ವರ್ಷ ಅನಿವಾಸಿ ಆಗಿದ್ದವರಿಗೆ, ಅಥವಾ ಹಿಂದಿನ ಏಳು ವರ್ಷದಲ್ಲಿ ಭಾರತದಲ್ಲಿ 729 ದಿನ ಮೀರದೆ ಇದ್ದವರಿಗೆ, ಬಂದ ಹೊಸದರಲ್ಲಿ ತೆರಿಗೆ ಕಾನೂನಿನಲ್ಲಿ ಆರ್‌ಎನ್‌ಒಆರ್ (ನಿವಾಸಿ, ಆದರೆ ಸಾಮಾನ್ಯ ನಿವಾಸಿ ಅಲ್ಲ) ಅನ್ನುವ ಸ್ಥಾನ ಸಿಗುತ್ತದೆ. ಆ ಅವಧಿಯಲ್ಲಿ ಹೊರದೇಶದ ಬಡ್ಡಿ, ಬಾಡಿಗೆಯಂಥ ಆದಾಯಕ್ಕೆ ಇಲ್ಲಿ ಸಾಮಾನ್ಯವಾಗಿ ತೆರಿಗೆ ಬೀಳುವುದಿಲ್ಲ. ಹೊರಡುವ ತಿಂಗಳು ಯಾವುದು ಅನ್ನುವುದರ ಮೇಲೂ ಇದು ನಿಂತಿದೆ, ಹಾಗಾಗಿ ಟಿಕೆಟ್ ಮಾಡಿಸುವ ಮುಂಚೆ ಆಡಿಟರ್ ಹತ್ತಿರ ಕೂರಿ. ವಾಪಸ್ ಬಂದ ಮೇಲೆ ಎನ್‌ಆರ್‌ಇ ಖಾತೆಯನ್ನು (ಅನಿವಾಸಿಗಳು ಹೊರದೇಶದ ದುಡ್ಡು ಇಡುವ ಬ್ಯಾಂಕ್ ಖಾತೆ) ಹಾಗೇ ಬಿಡುವಂತಿಲ್ಲ, ಬ್ಯಾಂಕಿಗೆ ತಿಳಿಸಿ ಬದಲಿಸಬೇಕು.

ತೋಟದ ಆಸೆ ಇರುವವರು ತುಂಬಾ ಜನ. ಕರ್ನಾಟಕದಲ್ಲಿ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಆದರೆ ಎನ್‌ಆರ್‌ಐ ಆಗಿರುವಾಗ, ಅಥವಾ ಒಸಿಐ ಕಾರ್ಡಿನ ಮೇಲೆ, ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳಲು ವಿದೇಶಿ ವಿನಿಮಯದ ಕಾನೂನು ಬಿಡುವುದಿಲ್ಲ. ಹಿರಿಯರಿಂದ ಬಂದದ್ದಾದರೆ ಸರಿ. ಮನೆ, ಸೈಟು ಕೊಳ್ಳಬಹುದು. ಅದಕ್ಕೂ ಭೂಪರಿವರ್ತನೆ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರದ ನಕ್ಷೆ ಮಂಜೂರಾತಿ, ಇ-ಖಾತೆ, ಮೂಲ ಪತ್ರಗಳು, ಇಸಿ (ಋಣಭಾರ ಪ್ರಮಾಣಪತ್ರ), ಇಷ್ಟನ್ನೂ ನಿಮ್ಮದೇ ವಕೀಲರಿಗೆ ತೋರಿಸಿ. ಪಂಚಾಯಿತಿ ಸೈಟಾದರೆ ಪಂಚಾಯಿತಿಯ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ಎ ಕೇಳಿ. ಮಂಜೂರಾತಿ ಸರಿಯಿಲ್ಲದ ಸೈಟಿಗೆ ಕೊಡುವ 11ಬಿ ತೋರಿಸಿದರೆ ಸುಮ್ನೆ ಮುಂದುವರಿಯಬೇಡಿ.

ಇನ್ನು ಕೈಯಲ್ಲಿರುವ ದುಡ್ಡಿಗೆ ತಕ್ಕ ಹಾಗೆ. ಉಳಿತಾಯ ಕಡಿಮೆ, ಒಬ್ಬರದೇ ಸಂಬಳ ಅನ್ನುವವರು ಕೋಲಾರ ಅಥವಾ ಮಾಲೂರನ್ನು ಮೊದಲು ನೋಡಿ, ಬಾಡಿಗೆ ಹಗುರ. ಇಬ್ಬರೂ ದುಡಿಯಬೇಕು, ಮಕ್ಕಳನ್ನು ನೋಡಿಕೊಳ್ಳಲು ಜನ ಬೇಕು, ಇಬ್ಬರಿಗೂ ಕೆಲಸ ಸಿಗುವ ಊರು ಬೇಕು ಅಂದರೆ ತುಮಕೂರು. ಕೈಯಲ್ಲಿ ದುಡ್ಡಿದೆ, ಕೆಲಸ ಮನೆಯಿಂದಲೇ, ಆಗಾಗ ವಿಮಾನ ಹತ್ತಬೇಕು ಅನ್ನುವವರಿಗೆ ಚಿಕ್ಕಬಳ್ಳಾಪುರ. ಅಜ್ಜಿ-ತಾತ ಈ ಮೂರರಲ್ಲಿ ಯಾವುದಾದರೂ ಒಂದು ಊರಲ್ಲಿದ್ದು, ಆಫೀಸು ತೀರಾ ಎದುರು ದಿಕ್ಕಿನಲ್ಲಿ ಇಲ್ಲದಿದ್ದರೆ, ನಾನು ಉಳಿದ ಲೆಕ್ಕವನ್ನೆಲ್ಲ ಬದಿಗಿಟ್ಟು ಅದೇ ಊರು ಅನ್ನುತ್ತೇನೆ.

ಯಾವ ಊರಾದರೂ, ಮೊದಲ ಹನ್ನೊಂದು ತಿಂಗಳು ಬಾಡಿಗೆಗೆ ಇರಿ. ಊರು ನೋಡಲು ಡಿಸೆಂಬರ್ ರಜೆಯಲ್ಲಿ ಬರಬೇಡಿ, ಆಗ ಮೂರೂ ಊರು ಚೆಂದ. ಏಪ್ರಿಲ್‌ನಲ್ಲಿ ಬನ್ನಿ. ಸೋಮವಾರ ಬೆಳಗ್ಗೆ ಏಳಕ್ಕೆ ಆಫೀಸಿನ ದಾರಿ ಹಿಡಿದು ಹೋಗಿ, ಸಂಜೆ ಅದೇ ದಾರಿಯಲ್ಲಿ ವಾಪಸ್ ಬನ್ನಿ. ನೋಡಿದ ಮನೆಯ ಎದುರು ಮನೆ ಬಾಗಿಲು ತಟ್ಟಿ, "ನೀರು ಎಷ್ಟು ದಿನಕ್ಕೊಂದು ಸಲ ಬರುತ್ತೆ ಅಮ್ಮಾ?" ಅಂತ ಕೇಳಿ. ಕೂರಿಸಿ ಕಾಫಿ ಕೊಟ್ಟು, ಆ ಬೀದಿಯ ಡಾಕ್ಟರು, ಶಾಲೆ ವ್ಯಾನು, ಹಾಲಿನವರು, ಎಲ್ಲದರ ವಿಷಯವನ್ನೂ ಅವರೇ ಹೇಳುತ್ತಾರೆ.